ಕ್ಲಚ್ ಬಿಚ್ಚಿದಾಗ ಸಿಗುವ ರಬ್ಬರ್ ಬಳೆ

ನನ್ನ ಹಳೆಯ ಮಾರುತಿ 800ರ ಕ್ಲಚ್ ಪ್ಲೇಟನ್ನು ಮೊದಲ ಸಲ ಮನೆಯ ಪೋರ್ಟಿಕೋದಲ್ಲೇ ಬದಲಿಸಿದಾಗ ಒಂದು ತಪ್ಪು ಮಾಡಿದೆ. ಗೇರ್‌ಬಾಕ್ಸ್ ಇಳಿಸಿ, ಹಳೆಯ ಪ್ಲೇಟ್ ತೆಗೆದು, ಹೊಸದನ್ನು ಕೂರಿಸಿ, ಭಾನುವಾರ ಸಂಜೆಯ ಹೊತ್ತಿಗೆ ಗಾಡಿ ಓಡಿಸಿಯೂ ಆಗಿತ್ತು. ಕೆಲಸದ ನಡುವೆ ಫ್ಲೈವೀಲ್, ಅಂದರೆ ಕ್ಲಚ್ ಪ್ಲೇಟ್ ಒತ್ತಿಕೊಳ್ಳುವ ಭಾರದ ಚಕ್ರ, ಅದರ ಅಂಚಿನಲ್ಲಿ ಸ್ವಲ್ಪ ಎಣ್ಣೆ ಜಿಡ್ಡು ಕಂಡಿತ್ತು. ಬನಿಯನ್ ವೇಸ್ಟ್‌ನಿಂದ ಒರೆಸಿ ಸುಮ್ಮನಾದೆ. ನಾಲ್ಕು ತಿಂಗಳಾಗುವಷ್ಟರಲ್ಲಿ ಏರು ರಸ್ತೆಯಲ್ಲಿ ಇಂಜಿನ್ ಕೂಗಿಕೊಳ್ಳುತ್ತಿತ್ತು, ಗಾಡಿ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಮತ್ತೆ ಗೇರ್‌ಬಾಕ್ಸ್ ಇಳಿಸಿದೆ. ಹೊಸ ಪ್ಲೇಟ್ ಎಣ್ಣೆ ಕುಡಿದು ಕರ್ರಗೆ ಹೊಳೆಯುತ್ತಿತ್ತು. ಕೆಲವು ನೂರು ರೂಪಾಯಿಯ ಒಂದು ರಬ್ಬರ್ ಸೀಲನ್ನು ಅಲಕ್ಷ್ಯ ಮಾಡಿದ್ದಕ್ಕೆ ಎರಡು ದಿನದ ಕೆಲಸ ಇನ್ನೊಂದು ಸಲ ತಲೆಗೆ ಬಿತ್ತು.

ಇಷ್ಟು ಕೇಳಿದರೆ, ಕ್ಲಚ್ ಬಿಚ್ಚಿದಾಗ ಸೀಲನ್ನೂ ಬದಲಿಸಿಬಿಟ್ಟರೆ ಮುಗಿಯಿತಲ್ವಾ ಅನ್ನಿಸುತ್ತದೆ. ನನಗೂ ಹಾಗೇ ಅನ್ನಿಸಿತು. ಎರಡನೇ ಸಲ ಹೊಸ ಸೀಲ್ ಹಾಕಿದೆ. ಅದು ಹಳೆಯದಕ್ಕಿಂತ ಜಾಸ್ತಿ ಸೋರಿತು! ಹೊಸ ರಬ್ಬರು, ಸರಿಯಾದ ಅಳತೆ, ನೇರವಾಗಿಯೇ ಕೂರಿಸಿದ್ದೆ. ಆದರೂ ಸೋರಿತು. ಯಾಕೆ ಅಂತ ಹುಡುಕಿಕೊಂಡು ಹೋದ ಮೇಲೆ ಗೊತ್ತಾಯಿತು, ನಾನು ಆಯಿಲ್ ಸೀಲನ್ನು ಒಂದು ಬಿರಡೆ ಅಂದುಕೊಂಡಿದ್ದೆ ಎಂದು. ಅದು ಬಿರಡೆ ಅಲ್ಲ. ಅದೊಂದು ಸಣ್ಣ ಪಂಪು.

ಅದು ಎಲ್ಲಿ ಕೂತಿರುತ್ತದೆ

ಇಂಜಿನ್ನಿನೊಳಗೆ ಪಿಸ್ಟನ್‌ಗಳು ಮೇಲೆ ಕೆಳಗೆ ಓಡಾಡುತ್ತವೆ. ಅವುಗಳ ಓಡಾಟವನ್ನು ತಿರುಗಾಟ ಮಾಡುವುದು ಕ್ರ್ಯಾಂಕ್ ಶಾಫ್ಟ್. ಅದರ ಸುತ್ತ ಯಾವಾಗಲೂ ಬಿಸಿ ಎಣ್ಣೆ ಎರಚುತ್ತಿರುತ್ತದೆ. ಆದರೆ ಆ ತಿರುಗಾಟ ಚಕ್ರಕ್ಕೆ ತಲುಪಬೇಕಾದರೆ ಕ್ರ್ಯಾಂಕಿನ ಒಂದು ತುದಿ ಇಂಜಿನ್ನಿನಿಂದ ಹೊರಗೆ ಬರಲೇಬೇಕು. ಹೊರಗೆ ಬರಬೇಕಾದರೆ ಒಂದು ತೂತು ಬೇಕು. ತೂತಿನಿಂದ ಶಾಫ್ಟ್ ಬರಬೇಕು, ಎಣ್ಣೆ ಬರಬಾರದು. ಆ ತೂತಿನಲ್ಲಿ ಕೂತು ಶಾಫ್ಟನ್ನು ಸುತ್ತಲೂ ತಬ್ಬಿಕೊಂಡಿರುವ ರಬ್ಬರ್ ಬಳೆಯೇ ನಮ್ಮ ಸೀಲ್. ಮೆಕ್ಯಾನಿಕ್‌ಗಳು ಇದನ್ನು ಕ್ರ್ಯಾಂಕ್ ಸೀಲ್, ರೇರ್ ಸೀಲ್, ಫ್ಲೈವೀಲ್ ಸೀಲ್ ಅಂತೆಲ್ಲ ಕರೆಯುತ್ತಾರೆ. ಕ್ರ್ಯಾಂಕಿನ ಇನ್ನೊಂದು ತುದಿಯಲ್ಲಿ, ಟೈಮಿಂಗ್ ಬೆಲ್ಟ್ ಕಡೆ, ಇದರ ಚಿಕ್ಕ ತಮ್ಮ ಒಬ್ಬನಿರುತ್ತಾನೆ. ಅವನ ಕಥೆ ಬೇರೆ, ಅವನನ್ನು ತಲುಪುವುದು ಸುಲಭ.

ಈ ರೇರ್ ಸೀಲಿನ, ಅಂದರೆ ಹಿಂತುದಿಯ ಸೀಲಿನ, ಮುಂದೆ ಸಾಲಾಗಿ ಕೂತಿರುವವರನ್ನು ನೋಡಿ. ಸೀಲಿನ ಹೊರಗೆ ಫ್ಲೈವೀಲ್. ಅದಕ್ಕೆ ಒತ್ತಿಕೊಂಡು ಕ್ಲಚ್ ಪ್ಲೇಟ್. ಅದರ ಮೇಲೆ, ಅದನ್ನು ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟ್. ಆಮೇಲೆ ಪೆಡಲ್ ತುಳಿದಾಗ ಆ ಒತ್ತು ಬಿಡಿಸುವ ರಿಲೀಸ್ ಬೇರಿಂಗ್, ಗೇರ್‌ಬಾಕ್ಸ್. ಸೀಲ್ ಮುಟ್ಟಬೇಕಾದರೆ ಇಷ್ಟನ್ನೂ ಇಳಿಸಬೇಕು. ಹಾಗಾಗಿ ಸೀಲಿನ ಬೆಲೆ ಅಂಗಡಿಯಲ್ಲಿ ಕೊಡುವ ದುಡ್ಡಲ್ಲ, ಅದನ್ನು ತಲುಪುವ ಕೂಲಿ. ಕ್ಲಚ್ ಬದಲಿಸುವಾಗ ಆ ಕೂಲಿ ಹೇಗೂ ಕೊಟ್ಟಾಗಿರುತ್ತದೆ. ಎರಡೂ ಕೆಲಸ ಒಟ್ಟಿಗೆ ಮಾಡಿ ಅನ್ನುವುದು ಈ ಲೆಕ್ಕಕ್ಕೆ.

ತುಟಿಯ ಕೆಳಗಿನ ಎಣ್ಣೆ

ಸೀಲನ್ನು ಕೈಯಲ್ಲಿ ಹಿಡಿದು ನೋಡಿದರೆ ಹೊರಗೆ ಒಂದು ಗಟ್ಟಿ ಉಂಗುರ, ಒಳಗೆ ಮೆತ್ತನೆ ರಬ್ಬರಿನ ತುಟಿ. ತುಟಿಯ ಬೆನ್ನಿಗೆ ಬಳೆಯಂತೆ ಸುತ್ತಿಕೊಂಡ ಸಣ್ಣ ಸ್ಪ್ರಿಂಗ್. ರಬ್ಬರು ಸವೆದರೂ ಸಡಿಲವಾದರೂ ಆ ಸ್ಪ್ರಿಂಗ್ ತುಟಿಯನ್ನು ಶಾಫ್ಟಿಗೆ ಒತ್ತಿ ಹಿಡಿಯುತ್ತದೆ. ಕೆಲವು ಸೀಲ್‌ಗಳಲ್ಲಿ ಹೊರಗಡೆ ಇನ್ನೊಂದು ಚಿಕ್ಕ ತುಟಿ ಇರುತ್ತದೆ. ಅದು ದೂಳು ತಡೆಯಲು. ಬೆನ್ನ ಮೇಲೆ 35 52 7 ಎಂಬಂಥ ಮೂರು ಅಂಕಿ ಇದ್ದರೆ, ಅದು ಒಳ ಅಳತೆ, ಹೊರ ಅಳತೆ, ದಪ್ಪ. ಎಲ್ಲ ಮಿಲಿಮೀಟರಿನಲ್ಲಿ. ಅಂಗಡಿಗೆ ಹೋಗುವಾಗ ಹಳೆಯ ಸೀಲನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಯ ಕೌಂಟರಿನಲ್ಲಿ ಗಾಡಿಯ ಹೆಸರು ಹೇಳುವುದಕ್ಕಿಂತ ಈ ಮೂರು ಅಂಕಿ ಹೇಳಿದರೆ ಬೇಗ ಕೆಲಸ ಆಗುತ್ತದೆ.

ಈಗ ಒಂದು ಲೆಕ್ಕ. ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ 70 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಇಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುತ್ತಿದ್ದರೆ ತುಟಿಯ ಕೆಳಗೆ ಲೋಹ ಸೆಕೆಂಡಿಗೆ 11 ಮೀಟರ್ ವೇಗದಲ್ಲಿ ಜಾರುತ್ತಿರುತ್ತದೆ. ಅಂದರೆ ಗಂಟೆಗೆ ಸುಮಾರು 40 ಕಿ.ಮೀ. ಒಂದು ಗಂಟೆ ಹೀಗೆ ಓಡಿಸಿದರೆ 1,80,000 ಸುತ್ತು. ಒಣ ರಬ್ಬರನ್ನು ಈ ವೇಗದಲ್ಲಿ ಲೋಹಕ್ಕೆ ಉಜ್ಜಿದರೆ ಸ್ವಲ್ಪ ಹೊತ್ತಿಗೇ ಸುಟ್ಟ ವಾಸನೆ ಬರುತ್ತದೆ. ಆದರೆ ಸೀಲ್ ವರ್ಷಗಟ್ಟಲೆ ಬಾಳುತ್ತದೆ. ಕಾರಣ, ತುಟಿ ನಿಜವಾಗಿ ಲೋಹವನ್ನು ಮುಟ್ಟುತ್ತಲೇ ಇಲ್ಲ. ನಡುವೆ ಎಣ್ಣೆಯ ತೆಳು ಪೊರೆ ಇರುತ್ತದೆ, ಕೂದಲಿನ ದಪ್ಪದ ಹತ್ತಾರನೇ ಒಂದು ಪಾಲಿನಷ್ಟು. ಈರುಳ್ಳಿ ಹೋಳಿನಿಂದ ದೋಸೆ ಕಾವಲಿಗೆ ಎಣ್ಣೆ ಸವರುತ್ತೇವಲ್ಲ, ಅದಕ್ಕಿಂತಲೂ ತೆಳು.

ಹಾಗಾದರೆ ಆ ಪೊರೆಯ ಎಣ್ಣೆ ಹೊರಗೆ ಹರಿದು ಹೋಗುವುದಿಲ್ಲವೇ? ಇಲ್ಲೇ ಚಮತ್ಕಾರ ಇರುವುದು. ತುಟಿಯ ತುದಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಅದು ಎರಡು ಇಳಿಜಾರುಗಳ ಕೂಡಲು. ಎಣ್ಣೆ ಕಡೆಯ ಇಳಿಜಾರು ಕಡಿದು. ಗಾಳಿ ಕಡೆಯದು ಸಪಾಟು. ಶಾಫ್ಟ್ ತಿರುಗುವಾಗ ತುಟಿಯ ಮೇಲಿನ ಕಣ್ಣಿಗೆ ಕಾಣದ ಉಬ್ಬುಗಳನ್ನು ತನ್ನ ಜೊತೆ ಎಳೆಯುತ್ತದೆ. ಅವು ಓರೆಯಾಗಿ ಬಾಗಿ, ಎಣ್ಣೆಯನ್ನು ಪಕ್ಕಕ್ಕೆ ತಳ್ಳುವ ಪುಟ್ಟ ಪೊರಕೆಗಳಾಗುತ್ತವೆ. ಒಳಗಿನ ಪೊರಕೆಗಳು ಹೊರಕ್ಕೆ ಗುಡಿಸುತ್ತವೆ, ಹೊರಗಿನವು ಒಳಕ್ಕೆ. ಇಳಿಜಾರು ಸಪಾಟಾಗಿರುವುದರಿಂದ ಹೊರಗಡೆ ಪೊರಕೆಗಳಿಗೆ ಅಗಲ ಜಾಗ. ಹಾಗಾಗಿ ಗೆಲ್ಲುವುದು ಅವೇ. ತುಟಿಯ ಕೆಳಗೆ ನುಸುಳಿದ ಎಣ್ಣೆಯನ್ನು ಮತ್ತೆ ಇಂಜಿನ್ನಿಗೇ ಗುಡಿಸಿ ಹಾಕುತ್ತವೆ.

ಸೀಲನ್ನು ಉಲ್ಟಾ ಹಾಕಿದರೆ ಏನಾಗುತ್ತದೆ ಎಂದು ಈಗ ನೀವೇ ಹೇಳಬಹುದು. ಅದು ಸೋರುವುದಿಲ್ಲ, ಎಣ್ಣೆಯನ್ನು ಹೊರಗೆ ಪಂಪ್ ಮಾಡುತ್ತದೆ. ಸ್ಪ್ರಿಂಗ್ ಕಾಣುವ ಮುಖ ಯಾವಾಗಲೂ ಎಣ್ಣೆ ಕಡೆಗೆ. ಇದೊಂದು ನೆನಪಿದ್ದರೆ ಅರ್ಧ ಕೆಲಸ ಆದ ಹಾಗೆ. ಕೆಲವು ಸೀಲ್‌ಗಳ ಮೇಲೆ ಬಾಣದ ಗುರುತು ಇರುತ್ತದೆ. ಅವುಗಳ ತುಟಿಯಲ್ಲಿ ಓರೆ ಗೆರೆಗಳನ್ನು ಬೇಕೆಂದೇ ಅಚ್ಚು ಹಾಕಿರುತ್ತಾರೆ. ಶಾಫ್ಟ್ ಬಾಣದ ದಿಕ್ಕಿಗೆ ತಿರುಗಿದರೆ ಮಾತ್ರ ಆ ಗೆರೆಗಳು ಎಣ್ಣೆಯನ್ನು ಒಳಕ್ಕೆ ತಳ್ಳುತ್ತವೆ.

ಈ ಉಪಾಯ ಬರುವ ಮೊದಲು ಏನು ಮಾಡುತ್ತಿದ್ದರು ಎನ್ನುವುದೂ ಮಜವಾಗಿದೆ. ಹಳೆಯ ವಿಲ್ಲೀಸ್ ಜೀಪುಗಳಲ್ಲಿ ಈ ಜಾಗಕ್ಕೆ ಹಗ್ಗದಂಥ ಪ್ಯಾಕಿಂಗ್ ತುರುಕುತ್ತಿದ್ದರು. ಅಂಬಾಸಡರ್‌ನ ಹಳೆಯ 1489 ಸಿಸಿ ಪೆಟ್ರೋಲ್ ಇಂಜಿನ್ ಬ್ರಿಟನ್ನಿನ ಬಿಎಂಸಿ ಬಿ-ಸೀರೀಸ್ ಕುಲದ್ದು. ಅದರಲ್ಲಿ ಹಿಂದುಗಡೆ ರಬ್ಬರ್ ಸೀಲೇ ಇರಲಿಲ್ಲ. ಕ್ರ್ಯಾಂಕಿನ ಮೈಮೇಲೆ ಸ್ಕ್ರೂ ಥರ ಥ್ರೆಡ್ ಕೊರೆದಿದ್ದರು. ತಿರುಗುವಾಗ ಆ ಥ್ರೆಡ್ ಎಣ್ಣೆಯನ್ನು ಒಳಕ್ಕೆ ಸುತ್ತಿಕೊಳ್ಳುತ್ತಿತ್ತು. ಇಂಜಿನ್ ನಿಂತರೆ ಪಂಪೂ ನಿಂತಿತು. ಅಂಬಾಸಡರ್ ನಿಂತಲ್ಲೆಲ್ಲ ನೆಲದ ಮೇಲೆ ಒಂದೆರಡು ಚುಕ್ಕೆ ಇಡುತ್ತಿದ್ದುದಕ್ಕೆ ಇದೂ ಒಂದು ಕಾರಣ. ಅದನ್ನು ರಿಪೇರಿ ಮಾಡಿಸಲು ಓಡಾಡಿದವರಿಗೆ ಪಾಪ, ರಿಪೇರಿ ಮಾಡಲು ಅಲ್ಲಿ ಏನೂ ಇರಲಿಲ್ಲ.

ಯಾಕೆ ಕೆಡುತ್ತದೆ

ಮೊದಲ ಶತ್ರು ಶಾಖ. ರಬ್ಬರು ವರ್ಷಗಟ್ಟಲೆ ಬೆಂದು ಗಟ್ಟಿಯಾಗುತ್ತದೆ. ಹಳೆಯ ಸೀಲಿನ ತುಟಿಯನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗೆ ಬಾಗಬೇಕಾದದ್ದು ಪ್ಲಾಸ್ಟಿಕ್ಕಿನಂತೆ ಟಕ್ ಎನ್ನುತ್ತದೆ. ಸಾಮಾನ್ಯ ನೈಟ್ರೈಲ್ ರಬ್ಬರು ಸುಮಾರು 100 ಡಿಗ್ರಿವರೆಗೆ ಆರಾಮಾಗಿರುತ್ತದೆ. ಕಂದು ಬಣ್ಣದಲ್ಲಿ ಹೆಚ್ಚಾಗಿ ಸಿಗುವ ವೈಟಾನ್ ಥರದ್ದು 200 ಡಿಗ್ರಿವರೆಗೂ ತಡೆಯುತ್ತದೆ. ಕೂಲಿಯ ಮುಂದೆ ಬೆಲೆಯ ವ್ಯತ್ಯಾಸ ಚಿಕ್ಕದು. ನಿಮ್ಮ ಇಂಜಿನ್ನಿಗೆ ಎರಡೂ ಸಿಗುವುದಾದರೆ ಯೋಚಿಸಲೇ ಬೇಡಿ. ಆದರೆ ಬಣ್ಣ ನೋಡಿ ನಂಬಬೇಡಿ, ಕಂದು ಬಣ್ಣ ಯಾರು ಬೇಕಾದರೂ ಬೆರೆಸಬಹುದು. ಹೆಸರಿರುವ ಕಂಪನಿಯದನ್ನೇ ಕೊಳ್ಳಿ.

ಎರಡನೆಯದು ಶಾಫ್ಟಿನ ಮೇಲಿನ ಗೀರು. ಮೆತ್ತನೆ ರಬ್ಬರು ಗಟ್ಟಿ ಉಕ್ಕನ್ನು ಸವೆಸುತ್ತದೆ ಅಂದರೆ ನಂಬಲು ಕಷ್ಟ. ಬಾವಿಯ ಕಲ್ಲಿನ ಮೇಲೆ ಹಗ್ಗ ಗುರುತು ಮಾಡುವುದಿಲ್ಲವೇ, ಹಾಗೆ. ತುಟಿಗೆ ಸಿಕ್ಕಿಕೊಂಡ ದೂಳು, ಕರಿ ಎಲ್ಲ ಸೇರಿ ಒಂದೇ ಜಾಗವನ್ನು ಉಜ್ಜುತ್ತಿರುತ್ತವೆ. ಕೊನೆಗೆ ಶಾಫ್ಟಿನ ಸುತ್ತ ಒಂದು ಹೊಳೆಯುವ ಕಾಲುವೆ ಬೀಳುತ್ತದೆ.

ಮೂರನೆಯದನ್ನು ಜನ ಮರೆಯುವುದೇ ಜಾಸ್ತಿ. ಪಿಸ್ಟನ್ ರಿಂಗ್ ದಾಟಿ ಸ್ವಲ್ಪ ಗ್ಯಾಸು ಯಾವಾಗಲೂ ಇಂಜಿನ್ನಿನ ಹೊಟ್ಟೆಗೆ ಇಳಿಯುತ್ತಿರುತ್ತದೆ. ಅದನ್ನು ಹೊರಗೆ ಎಳೆದುಕೊಳ್ಳಲು ಒಂದು ಉಸಿರಾಟದ ಪೈಪು, ಪಿಸಿವಿ ವಾಲ್ವು ಇರುತ್ತವೆ. ಅವು ಕಟ್ಟಿಕೊಂಡರೆ ಒಳಗೆ ಒತ್ತಡ ಏರುತ್ತದೆ. ಆಗ ಗ್ಯಾಸು ದಾರಿ ಹುಡುಕುವುದು ಸೀಲಿನ ತುಟಿಯಲ್ಲೇ. ಇಂಥ ಇಂಜಿನ್ನಿಗೆ ಎಷ್ಟು ಒಳ್ಳೆಯ ಸೀಲ್ ಹಾಕಿದರೂ ಸೋರುತ್ತದೆ. ಗೇರ್‌ಬಾಕ್ಸ್ ಇಳಿಸುವ ಮೊದಲು ಹತ್ತು ನಿಮಿಷ ಕೊಟ್ಟು ಆ ಪೈಪನ್ನು ಬಿಚ್ಚಿ ಊದಿ ನೋಡಿ. ಇಂಜಿನ್ ಓಡುವಾಗ ಎಣ್ಣೆ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರುತ್ತದಾ ಅಂತಲೂ ನೋಡಿ. ಹೊಗೆ ಜೋರಾಗಿದ್ದು ಪೈಪು ಸರಿಯಾಗಿದ್ದರೆ ನಿಮ್ಮ ಸಮಸ್ಯೆ ಸೀಲಲ್ಲ, ರಿಂಗು.

ಸೋರುತ್ತಿರುವುದು ಅದೇನಾ?

ಬೆಲ್ ಹೌಸಿಂಗಿನ, ಅಂದರೆ ಕ್ಲಚ್ಚನ್ನು ಮುಚ್ಚಿಕೊಂಡಿರುವ ಗೇರ್‌ಬಾಕ್ಸಿನ ಚಿಪ್ಪಿನ, ಕೆಳಗೆ ಎಣ್ಣೆ ತೊಟ್ಟಿಕ್ಕಿದ ತಕ್ಷಣ ಎಲ್ಲರೂ ರೇರ್ ಸೀಲಿನ ಮೇಲೆ ಗೂಬೆ ಕೂರಿಸುತ್ತಾರೆ. ಎಣ್ಣೆಗೆ ಕೆಳಗೆ ಹರಿಯುವುದು ಬಿಟ್ಟು ಬೇರೆ ಗೊತ್ತಿಲ್ಲ. ಇಂಜಿನ್ನಿನ ತಲೆಯ ಮೇಲಿನ ಟ್ಯಾಪೆಟ್ ಕವರಿನ ಪ್ಯಾಕಿಂಗಿನಿಂದ ಸೋರಿದರೂ ಅದು ಇಂಜಿನ್ನಿನ ಬೆನ್ನ ಮೇಲೆ ಇಳಿದು ಅದೇ ಜಾಗದಲ್ಲಿ ತೊಟ್ಟಿಕ್ಕುತ್ತದೆ. ಡಿಸ್ಟ್ರಿಬ್ಯೂಟರ್ ಕೂರುವ ಜಾಗ, ಆಯಿಲ್ ಪ್ರೆಶರ್ ಸ್ವಿಚ್ಚು, ಚೇಂಬರ್ (ಇಂಜಿನ್ನಿನ ಅಡಿಯ ಎಣ್ಣೆ ತೊಟ್ಟಿ) ಪ್ಯಾಕಿಂಗ್ ಎಲ್ಲವೂ ಸಂಶಯಿತರೇ. ಮೊದಲು ಇಂಜಿನ್ನಿನ ಹಿಂಭಾಗವನ್ನು ಚೆನ್ನಾಗಿ ತೊಳೆದು ಒಣಗಿಸಿ, ಎರಡು ದಿನ ಓಡಿಸಿ, ಟಾರ್ಚ್ ಹಿಡಿದು ಮೇಲಿನಿಂದ ಕೆಳಗೆ ನೋಡಿ. ಮೇಲೆ ಒಣಗಿದ್ದು ಬೆಲ್ ಹೌಸಿಂಗಿನ ಒಳಗಿನಿಂದ ಮಾತ್ರ ಎಣ್ಣೆ ಬರುತ್ತಿದ್ದರೆ ಆಗ ಒಳಗಿನವರನ್ನು ಹಿಡಿಯಬಹುದು.

ಒಳಗಿನವರು ಇಬ್ಬರು. ಒಂದು ಕ್ರ್ಯಾಂಕ್ ಸೀಲು. ಇನ್ನೊಂದು, ಗೇರ್‌ಬಾಕ್ಸಿನಿಂದ ಹೊರಗೆ ಬರುವ ಇನ್‌ಪುಟ್ ಶಾಫ್ಟಿನ ಸೀಲು. ಇವರಿಬ್ಬರನ್ನು ಬೇರೆ ಮಾಡಲು ಮೂಗೇ ಸಾಕು. ಗೇರ್ ಆಯಿಲಿನಲ್ಲಿ ಗಂಧಕದ ಅಂಶ ಬೆರೆಸಿರುತ್ತಾರೆ. ಒಮ್ಮೆ ಆ ನಾತ ಮೂಗಿಗೆ ಬಡಿದರೆ ಜನ್ಮದಲ್ಲಿ ಮರೆಯುವುದಿಲ್ಲ. ಇಂಜಿನ್ ಆಯಿಲ್ ಕಪ್ಪಗೆ, ಸ್ವಲ್ಪ ಸುಟ್ಟ ವಾಸನೆ. ಗೇರ್‌ಬಾಕ್ಸ್ ಇಳಿಸಿದ ಮೇಲೆ ಇನ್ನೊಂದು ಸಾಕ್ಷಿ ಸಿಗುತ್ತದೆ. ಫ್ಲೈವೀಲಿನ ಹಿಂದೆ, ಇಂಜಿನ್ ಕಡೆ ಒದ್ದೆ ಇದ್ದರೆ ಕ್ರ್ಯಾಂಕ್ ಸೀಲು. ರಿಲೀಸ್ ಬೇರಿಂಗಿನ ಸುತ್ತ, ಗೇರ್‌ಬಾಕ್ಸಿನ ಮೂತಿಯಲ್ಲಿ ಒದ್ದೆ ಇದ್ದರೆ ಇನ್‌ಪುಟ್ ಸೀಲು. ಎರಡೂ ಕಡೆ ಒಣ ಇದ್ದರೆ?

ಆಗ ಮುಟ್ಟಬೇಕೋ ಬೇಡವೋ ಎನ್ನುವುದರ ಬಗ್ಗೆ ಗ್ಯಾರೇಜುಗಳಲ್ಲಿ ಎರಡು ಪಂಗಡ. ಸೋರದ ಸೀಲನ್ನು ಕೆಣಕಬೇಡ ಅನ್ನುವವರು ಒಂದು ಕಡೆ. ಬಿಚ್ಚಿದ್ದೀಯಲ್ಲ, ಬದಲಿಸಿಬಿಡು ಅನ್ನುವವರು ಇನ್ನೊಂದು ಕಡೆ. ನನ್ನ ಅಭಿಪ್ರಾಯ ಹೇಳಿಬಿಡುತ್ತೇನೆ. ಗಾಡಿಗೆ ಹತ್ತು ವರ್ಷ ದಾಟಿದ್ದರೆ, ಒಳ್ಳೆಯ ಸೀಲ್ ಕೈಯಲ್ಲಿದ್ದರೆ, ಅವಸರ ಇಲ್ಲದಿದ್ದರೆ ಬದಲಿಸಿ. ಈ ಮೂರರಲ್ಲಿ ಒಂದಿಲ್ಲದಿದ್ದರೂ ಸೋರದ ಸೀಲಿನ ತಂಟೆಗೆ ಹೋಗಬೇಡಿ. ಅವಸರದಲ್ಲಿ ಕೂರಿಸಿದ ಹೊಸ ಸೀಲಿಗಿಂತ ಸೋರದ ಹಳೆಯ ಸೀಲ್ ವಾಸಿ.

ಬಿಚ್ಚುವುದು

ಗೇರ್‌ಬಾಕ್ಸ್ ಇಳಿಸುವ ಕೆಲಸವನ್ನು ಇಲ್ಲಿ ಪೂರ್ತಿ ಹೇಳುವುದಿಲ್ಲ. ಪ್ರತಿ ಗಾಡಿಯದೂ ಒಂದೊಂದು ರೀತಿ, ಸರ್ವಿಸ್ ಮ್ಯಾನುಯಲ್ ಇಟ್ಟುಕೊಳ್ಳದೆ ಕೈ ಹಾಕಬೇಡಿ. ಆದರೆ ಜೀವದ ಮಾತು ಒಂದು ಹೇಳಲೇಬೇಕು. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ಹೋಗಬೇಡಿ. ಇಟ್ಟಿಗೆ, ಸಿಮೆಂಟ್ ಬ್ಲಾಕ್ ಕೂಡ ಬೇಡ, ಅವು ಎಚ್ಚರಿಕೆ ಕೊಡದೆ ಒಡೆಯುತ್ತವೆ. ಗಟ್ಟಿ ನೆಲದ ಮೇಲೆ ಜಾಕ್ ಸ್ಟ್ಯಾಂಡ್, ಹಿಂದಿನ ಚಕ್ರಕ್ಕೆ ಅಡ್ಡಕಲ್ಲು, ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿರಬೇಕು. ಗೇರ್‌ಬಾಕ್ಸ್ ಹೊರಬಂದರೆ ಇಂಜಿನ್ನಿಗೆ ಒಂದು ಕಡೆಯ ಆಸರೆ ಹೋಗುತ್ತದೆ. ಅದನ್ನು ಮೇಲಿನಿಂದ ತೂಗುಹಾಕಿ, ಇಲ್ಲವೇ ಕೆಳಗಿನಿಂದ ಮರದ ಹಲಗೆ ಇಟ್ಟು ತಡೆಯಿರಿ. ಮುಂದಿನ ಚಕ್ರ ಎಳೆಯುವ ಗಾಡಿಯಾದರೆ ಆಕ್ಸಲ್ ಎಳೆಯುವ ಮೊದಲೇ ಗೇರ್ ಆಯಿಲ್ ಇಳಿಸಿ. ನಾನು ಮರೆತು ಆ ಗಂಧಕದ ನೀರಿನಲ್ಲಿ ಸ್ನಾನ ಮಾಡಿದ್ದೇನೆ.

ಕ್ಲಚ್ಚಿನ ದೂಳನ್ನು ಊದಬೇಡಿ. ಹಳೆಯ ಪ್ಲೇಟುಗಳಲ್ಲಿ ಆಸ್ಬೆಸ್ಟಾಸ್ ಇದ್ದಿರಬಹುದು. ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ, ಮಾಸ್ಕ್ ಹಾಕಿಕೊಳ್ಳಿ. ಪ್ರೆಶರ್ ಪ್ಲೇಟ್ ಮರಳಿ ಹಾಕುವುದಿದ್ದರೆ ಅದಕ್ಕೂ ಫ್ಲೈವೀಲಿಗೂ ಸೇರಿಸಿ ಒಂದು ಗುರುತು ಮಾಡಿ. ಬೋಲ್ಟುಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಫ್ಲೈವೀಲ್ ತಿರುಗದಂತೆ ಹಲ್ಲಿಗೆ ಒಂದು ಪಟ್ಟಿ ಸಿಕ್ಕಿಸಿ ಅದರ ಬೋಲ್ಟುಗಳನ್ನು ತೆಗೆಯಿರಿ. ಕೊನೆಯ ಬೋಲ್ಟ್ ತೆಗೆಯುವಾಗ ಫ್ಲೈವೀಲನ್ನು ಹಿಡಿದುಕೊಳ್ಳಲು ಇನ್ನೊಬ್ಬರಿರಲಿ. ಅದು ನೋಡಲು ತಟ್ಟೆ, ಕಾಲಿನ ಮೇಲೆ ಬಿದ್ದರೆ ಒರಳು ಕಲ್ಲು.

ಈಗ ಸೀಲ್ ಕಣ್ಣೆದುರಿಗೆ ಬಂತು. ಮೊದಲು ಅದು ಹೌಸಿಂಗಿನ ಅಂಚಿಗೆ ಸಮ ಇದೆಯೋ, ಒಳಗೆ ಇಳಿದಿದೆಯೋ ನೋಡಿ. ಫೋಟೋ ತೆಗೆದಿಟ್ಟುಕೊಳ್ಳಿ, ಆಳ ಅಳೆದು ಬರೆದಿಟ್ಟುಕೊಳ್ಳಿ. ಹಾಕುವಾಗ ಇದೇ ದಾರಿ ತೋರಿಸುತ್ತದೆ.

ಹಳೆಯದನ್ನು ಕೀಳಲು ಸುಲಭದ ದಾರಿ ಸ್ಕ್ರೂಡ್ರೈವರ್ ಹಾಕಿ ಮೀಟುವುದು. ಸುಲಭದ ಅಪಾಯವೂ ಅದೇ. ಸ್ಕ್ರೂಡ್ರೈವರಿನ ತುದಿ ಶಾಫ್ಟಿಗೆ ಗೀರಿದರೆ ಮುಗಿಯಿತು. ತುದಿಗೆ ಟೇಪ್ ಸುತ್ತಿ, ಶಾಫ್ಟಿನ ಮೇಲೆ ಬಟ್ಟೆ ಮಡಚಿಟ್ಟು, ಹೊರಗಿನ ಅಂಚಿನಿಂದ ಮೀಟಿ. ಬರಲು ಹಟ ಮಾಡಿದರೆ ಸೀಲಿನ ಗಟ್ಟಿ ಮುಖದ ಮೇಲೆ ಎದುರುಬದುರಾಗಿ ಎರಡು ಸಣ್ಣ ತೂತು ಕೊರೆದು, ಎರಡು ಸ್ಕ್ರೂ ತಿರುಗಿಸಿ, ಅವನ್ನು ಇಕ್ಕಳದಿಂದ ಎಳೆಯಬಹುದು. ಡ್ರಿಲ್ಲಿನ ತುದಿಗೆ ಗ್ರೀಸ್ ಹಚ್ಚಿ, ಲೋಹದ ಪುಡಿ ಅದಕ್ಕೇ ಅಂಟುತ್ತದೆ. ತಗಡು ತೂತಾದ ಕ್ಷಣವೇ ಕೈ ನಿಲ್ಲಿಸಿ, ಅದರ ಹಿಂದೆ ಇರುವುದು ಇಂಜಿನ್ನಿನ ಒಳಮನೆ.

ಸೀಲ್ ಕೂರುವ ಹೌಸಿಂಗ್ ಬೇರೆಯೇ ತಟ್ಟೆಯಾಗಿ ಬೋಲ್ಟ್ ಹಾಕಿರುವ ಇಂಜಿನ್‌ಗಳಲ್ಲಿ, ಇಡೀ ತಟ್ಟೆಯನ್ನೇ ಬಿಚ್ಚಿ ಮೇಜಿನ ಮೇಲೆ ಆರಾಮಾಗಿ ಸೀಲ್ ಬದಲಿಸುವ ಆಸೆಯಾಗುತ್ತದೆ. ಆ ತಟ್ಟೆಯ ಹಿಂದೆ ಒಂದು ಪ್ಯಾಕಿಂಗ್ ಇದೆ, ಅದರ ಕೆಳಅಂಚು ಚೇಂಬರ್ ಪ್ಯಾಕಿಂಗಿನ ಮೇಲೆ ಕೂತಿರುತ್ತದೆ. ತಟ್ಟೆ ತೆಗೆದರೆ ಆ ಮೂಲೆ ಕಿತ್ತುಬರುತ್ತದೆ. ಒಂದು ಸೋರಿಕೆ ನಿಲ್ಲಿಸಲು ಹೋಗಿ ಇನ್ನೆರಡನ್ನು ಶುರು ಮಾಡಿದಂತೆ. ತಟ್ಟೆಯ ಪ್ಯಾಕಿಂಗೇ ಸೋರುತ್ತಿದ್ದರೆ ಮಾತ್ರ ಅದಕ್ಕೆ ಕೈ ಹಾಕಿ.

ನನ್ನ ಎಮೆರಿ ಪೇಪರ್

ಎರಡನೇ ಸಲ ಹಾಕಿದ ಹೊಸ ಸೀಲ್ ಸೋರಿದ್ದು ಯಾಕೆ ಎಂದು ಈಗ ಹೇಳುತ್ತೇನೆ. ಸೀಲ್ ಕಿತ್ತ ಮೇಲೆ ಶಾಫ್ಟಿನ ಮೇಲೆ ಕಂದು ಕಲೆ ಇತ್ತು. ಅದು ಬೆಂದು ಅಂಟಿಕೊಂಡ ಎಣ್ಣೆ. ನಾನು ಒರಟು ಎಮೆರಿ ಪೇಪರ್ ತೆಗೆದುಕೊಂಡು ಹಿಂದಕ್ಕೂ ಮುಂದಕ್ಕೂ, ಅಂದರೆ ಶಾಫ್ಟಿನ ಉದ್ದಕ್ಕೆ, ಚೆನ್ನಾಗಿ ತಿಕ್ಕಿದೆ. ಪಾತ್ರೆ ತಿಕ್ಕಿದಷ್ಟು ಫಳಫಳ ಆಯಿತು. ಖುಷಿಯೂ ಆಯಿತು.

ಈಗ ಆ ಪುಟ್ಟ ಪೊರಕೆಗಳನ್ನು ನೆನಪಿಸಿಕೊಳ್ಳಿ. ತುಟಿಯ ಅಡಿಯಲ್ಲಿ ಒಳಗಿನಿಂದ ಹೊರಗಿನವರೆಗೆ ನೂರಾರು ಗೀರು ಎಳೆದಿದ್ದೆ. ಒಂದೊಂದು ಗೀರೂ ಎಣ್ಣೆಗೆ ಒಂದು ಚರಂಡಿ. ಓರೆಯಾಗಿ ಬಿದ್ದ ಗೀರುಗಳಂತೂ ಅಂಬಾಸಡರಿನ ಥ್ರೆಡ್ ಥರವೇ ಕೆಲಸ ಮಾಡುತ್ತವೆ, ಆದರೆ ತಪ್ಪು ದಿಕ್ಕಿಗೆ. ಸೀಲ್ ಒಳಕ್ಕೆ ಗುಡಿಸುವುದಕ್ಕಿಂತ ಜಾಸ್ತಿ ನನ್ನ ಗೀರುಗಳು ಹೊರಕ್ಕೆ ಪಂಪ್ ಮಾಡುತ್ತಿದ್ದವು. ಸೀಲ್ ಕೂರುವ ಮೇಲ್ಮೈ ಎಷ್ಟು ನಯ ಇರಬೇಕು ಎಂಬುದಕ್ಕೆ ಒಂದು ಅಳತೆಯೇ ಇದೆ. ಸಾಮಾನ್ಯವಾಗಿ 0.2ರಿಂದ 0.8 ಮೈಕ್ರಾನ್ ಒರಟು. ಅದಕ್ಕಿಂತ ನಯವಾದರೂ ತೊಂದರೆ, ಎಣ್ಣೆ ಪೊರೆ ನಿಲ್ಲುವುದಿಲ್ಲ, ತುಟಿ ಒಣಗಿ ಸುಡುತ್ತದೆ.

ಸರಿಯಾದ ಕ್ರಮ ಇಷ್ಟೇ. ಬಟ್ಟೆಗೆ ಬ್ರೇಕ್ ಕ್ಲೀನರ್ ಅಥವಾ ಸೀಮೆಎಣ್ಣೆ ಹಾಕಿ ಒರೆಸಿ. ಕಲೆ ಹೋಗದಿದ್ದರೂ ಪರವಾಗಿಲ್ಲ, ಕೈಗೆ ತಾಗದ ಕಲೆ ತುಟಿಗೂ ತಾಗುವುದಿಲ್ಲ. ಸಣ್ಣ ಉಬ್ಬು ಇದ್ದರೆ ಮಾತ್ರ ತೀರಾ ನಯವಾದ ಪೇಪರಿಗೆ ಎಣ್ಣೆ ಹಚ್ಚಿ, ಶಾಫ್ಟಿನ ಸುತ್ತ, ಕೈಗೆ ಬಳೆ ತಿರುಗಿಸಿದ ಹಾಗೆ ಉಜ್ಜಿ. ಉದ್ದಕ್ಕೆ ಬೇಡವೇ ಬೇಡ.

ಉಗುರು ಸಿಕ್ಕಿಕೊಳ್ಳುವಷ್ಟು ಕಾಲುವೆ ಬಿದ್ದಿದ್ದರೆ ಎರಡು ದಾರಿ. ಹೊಸ ಸೀಲನ್ನು ಹಳೆಯದಕ್ಕಿಂತ ಒಂದು ಒಂದೂವರೆ ಮಿಲಿಮೀಟರ್ ಒಳಗೆ ಅಥವಾ ಹೊರಗೆ ಕೂರಿಸಿದರೆ ತುಟಿಗೆ ಸವೆಯದ ಹೊಸ ಜಾಗ ಸಿಗುತ್ತದೆ. ಹೌಸಿಂಗಿನಲ್ಲಿ ಅಷ್ಟು ಜಾಗ ಇರಬೇಕು, ಹೊರಗೆ ಬಂದರೆ ಫ್ಲೈವೀಲಿಗೆ ತಾಗಬಾರದು. ಇನ್ನೊಂದು, ಶಾಫ್ಟಿಗೆ ತೊಡಿಸುವ ತೆಳು ಸ್ಟೀಲ್ ಕವಚ. ಎಸ್‌ಕೆಎಫ್ ಕಂಪನಿ ಇದನ್ನು ಸ್ಪೀಡಿ ಸ್ಲೀವ್ ಎಂಬ ಹೆಸರಿನಲ್ಲಿ ಮಾರುತ್ತದೆ. ಅದರ ದಪ್ಪ ಸುಮಾರು 0.28 ಮಿ.ಮೀ. ಅಷ್ಟು ತೆಳು ಆದ್ದರಿಂದ ಅದೇ ಅಳತೆಯ ಸೀಲ್ ಅದರ ಮೇಲೆ ಕೂರುತ್ತದೆ. ನಾನು ಮೂರನೇ ಸಲ ಮಾಡಿದ್ದು ಮೊದಲಿನದು: ಸುತ್ತ ಉಜ್ಜಿ ಗೀರು ಇಳಿಸಿ, ಸೀಲನ್ನು ಒಂದು ಮಿಲಿಮೀಟರ್ ಜರುಗಿಸಿದೆ. ಹೌದು, ಮೂರನೇ ಸಲ. ಅಷ್ಟು ಹೊತ್ತಿಗೆ ಗೇರ್‌ಬಾಕ್ಸ್ ಇಳಿಸುವುದು ನನಗೆ ಟೈರ್ ಬದಲಿಸಿದಷ್ಟು ಸಲೀಸಾಗಿತ್ತು.

ಬಳೆ ತೊಡಿಸುವುದು

ಬಳೆಗಾರರು ಬಿಗಿ ಬಳೆ ತೊಡಿಸುವುದನ್ನು ನೋಡಿದ್ದೀರಲ್ವಾ? ಕೈಯನ್ನು ಮೆಲ್ಲಗೆ ಅಮುಕಿ, ಬಳೆಯನ್ನು ಒಂದು ಕಡೆಯಿಂದ ಜಾರಿಸಿ, ಗಿಣ್ಣು ದಾಟಿಸುತ್ತಾರೆ. ಇಲ್ಲಿಯೂ ಕಷ್ಟ ಇರುವುದು ಗಿಣ್ಣು ದಾಟಿಸುವುದರಲ್ಲೇ. ಕ್ರ್ಯಾಂಕಿನ ತುದಿಯ ಅಂಚು ಚೂಪಾಗಿರುತ್ತದೆ. ಸೀಲಿನ ತುಟಿ ಅದನ್ನು ದಾಟುವಾಗ ಒಂದು ಕಡೆ ಒಳಮಡಚಿಕೊಂಡರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಎಷ್ಟೋ ಸಲ ಸ್ಪ್ರಿಂಗ್ ಕಳಚಿ ಒಳಗೆ ಬೀಳುತ್ತದೆ. ಹಳೆಯ ಎಕ್ಸ್‌ರೇ ಫಿಲ್ಮು ಅಥವಾ ತೆಳು ಪ್ಲಾಸ್ಟಿಕ್ ಬಾಟಲಿಯ ಹಾಳೆಯನ್ನು ಕತ್ತರಿಸಿ ಶಾಫ್ಟಿನ ತುದಿಗೆ ಸುತ್ತಿ. ಅದರ ಮೇಲೆ ಸೀಲ್ ಜಾರಿಸಿ, ಆಮೇಲೆ ಹಾಳೆಯನ್ನು ಎಳೆದು ತೆಗೆಯಿರಿ. ಇಷ್ಟೇ ಸಾಕು.

ರಬ್ಬರ್ ತುಟಿಗೆ ಮೊದಲೇ ಇಂಜಿನ್ ಆಯಿಲ್ ಸವರಿ. ಮೊದಲ ಕೆಲವು ಸುತ್ತುಗಳಲ್ಲಿ ಒಳಗಿನ ಎಣ್ಣೆ ಅಲ್ಲಿಗೆ ಬಂದಿರುವುದಿಲ್ಲ. ಆದರೆ ಇಲ್ಲೊಂದು ಎಚ್ಚರ. ಈಚಿನ ಹಲವು ಗಾಡಿಗಳಿಗೆ ಪಿಟಿಎಫ್‌ಇ ಸೀಲ್ ಬರುತ್ತದೆ. ನಮ್ಮ ನಾನ್‌ಸ್ಟಿಕ್ ತವಾದ ಮೇಲೆ ಇರುವುದೂ ಅದೇ ವಸ್ತು. ಅದರ ತುಟಿ ಅಗಲ, ಸ್ಪ್ರಿಂಗ್ ಇರುವುದಿಲ್ಲ, ಪ್ಲಾಸ್ಟಿಕ್ ಕೊಳವೆ ಒಳಗಿಟ್ಟೇ ಮಾರುತ್ತಾರೆ. ಅದನ್ನು ಒಣಗಿಯೇ ಹಾಕಬೇಕು. ಎಣ್ಣೆ, ಗ್ರೀಸ್ ಏನೂ ತಾಗಬಾರದು. ಆ ತುಟಿ ತನ್ನ ಒಂದು ತೆಳು ಪದರವನ್ನು ಶಾಫ್ಟಿಗೆ ಹಚ್ಚಿಯೇ ಹೊಂದಿಕೊಳ್ಳುವುದು, ನಡುವೆ ಎಣ್ಣೆ ಬಂದರೆ ಆ ಪದರ ಕೂರುವುದಿಲ್ಲ. ಇಂಜಿನ್ ಶುರು ಮಾಡುವ ಮೊದಲು ಕೆಲವು ಗಂಟೆ ಹಾಗೇ ಬಿಡಿ ಎಂದು ತಯಾರಕರು ಹೇಳುವುದು ತುಟಿ ಶಾಫ್ಟಿಗೆ ಕುಗ್ಗಿ ಕೂರಲಿ ಎಂದು. ನಿಮ್ಮ ಕೈಯಲ್ಲಿರುವುದು ಯಾವುದು ಎಂದು ಮೊದಲು ನೋಡಿಕೊಳ್ಳಿ.

ಹೊರಗಿನ ಅಂಚಿಗೆ ಅನಾಬಾಂಡ್ (ಸೋರಿಕೆ ತಡೆಯುವ ಅಂಟು) ಬೇಕೇ? ಹೊರ ಉಂಗುರಕ್ಕೆ ರಬ್ಬರ್ ಹೊದಿಕೆ ಇದ್ದರೆ ಬೇಡ. ಬರಿ ಲೋಹವಾಗಿದ್ದರೆ ಕಣ್ಣಿಗೆ ಕಂಡೂ ಕಾಣದಷ್ಟು ಸವರಬಹುದು. ತುಟಿಗೆ ಅದು ತಾಗಿದರೆ ಸೀಲ್ ಕಸದ ಬುಟ್ಟಿಗೆ.

ತಟ್ಟಿ ಕೂರಿಸಲು ಸೀಲಿನ ಹೊರ ಅಳತೆಗೆ ಹತ್ತಿರದ ಪಿವಿಸಿ ಪೈಪಿನ ಕಪ್ಲಿಂಗ್ ಸಿಕ್ಕರೆ ಅದಕ್ಕಿಂತ ಒಳ್ಳೆಯ ಉಪಕರಣ ಇಲ್ಲ. ಸಿಗದಿದ್ದರೆ ಚಪ್ಪಟೆ ಮರದ ತುಂಡು. ಸುತ್ತಲೂ, ಎದುರುಬದುರು, ಸ್ವಲ್ಪ ಸ್ವಲ್ಪ. ಒಂದು ಕಡೆ ಪೂರ್ತಿ ಇಳಿಸಿ ಆಮೇಲೆ ಇನ್ನೊಂದು ಕಡೆ ಎನ್ನುವುದು ಬೇಡ. ಸೀಲ್ ಓರೆ ಕೂತರೆ ತುಟಿ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ. ಕೂರಿಸಿದ ಮೇಲೆ ನಾಲ್ಕು ಕಡೆ ಆಳ ಅಳೆಯಿರಿ. ಬೆರಳಾಡಿಸಿ ನೋಡುವುದು ಸಾಲದು, ನನ್ನ ಬೆರಳು ನನಗೆ ಸುಳ್ಳು ಹೇಳಿದೆ.

ಫ್ಲೈವೀಲ್ ಏರಿಸುವ ಮೊದಲು ಬೋಲ್ಟ್ ತೂತುಗಳನ್ನು ನೋಡಿ. ಕೆಲವು ಇಂಜಿನ್‌ಗಳಲ್ಲಿ ಅವು ಆಚೆ ಬದಿಯಲ್ಲಿ ಎಣ್ಣೆ ಇರುವ ಜಾಗಕ್ಕೇ ತೆರೆದುಕೊಳ್ಳುತ್ತವೆ. ಅಲ್ಲಿ ಬೋಲ್ಟಿನ ಥ್ರೆಡ್ಡಿಗೆ ಸೀಲೆಂಟ್ ಹಾಕದಿದ್ದರೆ ಎಣ್ಣೆ ಥ್ರೆಡ್ ಹತ್ತಿಕೊಂಡು ಬಂದು ಫ್ಲೈವೀಲಿನ ಮುಖಕ್ಕೇ ಹರಡುತ್ತದೆ. ಆಗ ಬೈಸಿಕೊಳ್ಳುವುದು ಮಾತ್ರ ಹೊಸ ಸೀಲು. ಬೋಲ್ಟುಗಳನ್ನು ಟಾರ್ಕ್ ರೆಂಚ್ ಹಿಡಿದೇ ಬಿಗಿಮಾಡಿ. ಅಂದಾಜಿನ ಬಿಗಿ ಇಲ್ಲಿ ನಡೆಯುವುದಿಲ್ಲ. ಹೊಸ ಬೋಲ್ಟೇ ಹಾಕಬೇಕು ಎಂದು ಮ್ಯಾನುಯಲ್ ಹೇಳಿದ್ದರೆ ಜಿಪುಣತನ ಮಾಡಬೇಡಿ.

ಫ್ಲೈವೀಲ್, ಪ್ರೆಶರ್ ಪ್ಲೇಟ್ ಎರಡರ ಮುಖಕ್ಕೂ ಬ್ರೇಕ್ ಕ್ಲೀನರ್ ಹೊಡೆದು ಒರೆಸಿ. ಎಣ್ಣೆ ಕುಡಿದ ಹಳೆಯ ಪ್ಲೇಟನ್ನು ಪೆಟ್ರೋಲಿನಲ್ಲಿ ತೊಳೆದು ಮತ್ತೆ ಹಾಕುವ ಆಸೆ ಬೇಡ. ಬಿಸಿಯಾದಾಗ ಒಳಗೆ ಹೀರಿದ್ದ ಎಣ್ಣೆ ಮತ್ತೆ ಬೆವರುತ್ತದೆ. ಹೊಸ ಪ್ಲೇಟ್ ನಡುವೆ ಸರಿಯಾಗಿ ಕೂರಲು ಅಲೈನ್‌ಮೆಂಟ್ ಟೂಲ್ ಇಲ್ಲದಿದ್ದರೆ, ಒಂದು ಮರದ ಕೋಲಿಗೆ ಅಳತೆಗೆ ಟೇಪ್ ಸುತ್ತಿದರೂ ಆಗುತ್ತದೆ. ಇನ್‌ಪುಟ್ ಶಾಫ್ಟಿನ ಹಲ್ಲಿಗೆ ಗ್ರೀಸ್ ಹಚ್ಚುವಾಗ ಕೈ ಬಿಗಿ ಇರಲಿ. ಜಾಸ್ತಿಯಾದದ್ದು ತಿರುಗುವಾಗ ಸಿಡಿದು ಪ್ಲೇಟಿಗೇ ಹತ್ತುತ್ತದೆ. ಇಷ್ಟೆಲ್ಲ ಮಾಡಿ ಎಣ್ಣೆ ನಿಲ್ಲಿಸಿ, ಕೊನೆಗೆ ನಾವೇ ಗ್ರೀಸ್ ಬಡಿಸಿದರೆ ಹೇಗೆ?

ಬೇಸರದ ಸಂಗತಿ ಏನೆಂದರೆ ಗೇರ್‌ಬಾಕ್ಸ್ ಏರಿಸುವ ಮೊದಲು ಸೀಲನ್ನು ಪರೀಕ್ಷೆ ಮಾಡಲು ದಾರಿಯಿಲ್ಲ. ನಿಂತ ಇಂಜಿನ್ನಿನಲ್ಲಿ ಅದು ಸೋರದೇ ಇರಬಹುದು. ಓಡಿಸಿ ನೋಡೋಣ ಅಂದರೆ ಸ್ಟಾರ್ಟರ್ ಮೋಟಾರು ಕೂರುವುದೇ ಸಾಮಾನ್ಯವಾಗಿ ಬೆಲ್ ಹೌಸಿಂಗಿನ ಮೇಲೆ. ಹಾಗಾಗಿ ಮುಚ್ಚುವ ಮೊದಲು ಟೀ ಕುಡಿದು ಬಂದು, ಹೊಸ ಕಣ್ಣಿನಿಂದ ಇನ್ನೊಂದು ಸಲ ನೋಡಿ.

ಮೂರನೇ ಸಲ ಎಲ್ಲ ಮುಗಿಸಿ ಗಾಡಿಯ ಕೆಳಗೆ ಫ್ರಿಜ್ಜಿನ ಡಬ್ಬದ ರಟ್ಟು ಹಾಸಿದೆ. ಮೊದಲ ಎರಡು ದಿನ ಒಂದೆರಡು ಹನಿ ಬಿತ್ತು. ಅದು ಬೆಲ್ ಹೌಸಿಂಗಿನ ಮೂಲೆಯಲ್ಲಿ ಉಳಿದ ಹಳೆಯ ಎಣ್ಣೆ, ಆಮೇಲೆ ನಿಂತಿತು. ಮೂರು ವಾರ ದಿನವೂ ಬೆಳಿಗ್ಗೆ ಬಗ್ಗಿ ನೋಡಿದೆ. ರಟ್ಟು ಒಣಗಿಯೇ ಇತ್ತು. ನಾಲ್ಕನೇ ವಾರ ಒಂದು ಹೊಸ ಹನಿ. ಎದೆ ಧಸಕ್ ಎಂದಿತು. ಬೆರಳಿಗೆ ಹಚ್ಚಿ ಮೂಸಿದೆ. ಗಂಧಕ! ಮೂರು ಸಲ ಆಕ್ಸಲ್ ಎಳೆದು ಹಾಕುವಾಗ ಗೇರ್‌ಬಾಕ್ಸಿನ ಪಕ್ಕದ ಆಕ್ಸಲ್ ಸೀಲಿನ ತುಟಿಗೆ ಗೀರಿದ್ದೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಗಿಲ್ಲ. ಖುಷಿಯಿಂದ ಹಳೆಯ ಅಳತೆ ಬರೆದುಕೊಂಡು ಅಂಗಡಿಗೆ ಹೊರಟೆ.